ಟಿಟಿಕಾಕಾ: ದಡ ಹತ್ತದ ಕಪ್ಪೆಯ ಸರೋವರ

ಪೆರು ಮತ್ತು ಬೊಲಿವಿಯಾ ದೇಶಗಳ ಗಡಿ ಟಿಟಿಕಾಕಾ ಸರೋವರದ ನೀರಿನ ಮೇಲೆಯೇ ಹಾದುಹೋಗುತ್ತದೆ. ಸಮುದ್ರಮಟ್ಟದಿಂದ 3,812 ಮೀಟರ್ ಮೇಲೆ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗೆ ಇನ್ನೊಂದು ಮುಳ್ಳಯ್ಯನಗಿರಿ ಹೊರಿಸಿದಷ್ಟು ಎತ್ತರ. ಹೊಸಬರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಹೋದವರೆಲ್ಲ ಪುನೋ ಪಟ್ಟಣದ ಬಳಿ ಜೊಂಡು ಹಾಸಿ ಕಟ್ಟಿದ ತೇಲುದ್ವೀಪಗಳನ್ನು, ಇಂಕಾಗಳ ಸೂರ್ಯದ್ವೀಪವನ್ನು ನೋಡಿ ಬರುತ್ತಾರೆ. ಈ ನೀರಿನ ನಿಜವಾದ ಒಡೆಯ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅದೊಂದು ಕಪ್ಪೆ. ಬದುಕಿಡೀ ನೀರಿನಲ್ಲೇ ಇರುತ್ತದೆ.

ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಅದರ ಮೈತುಂಬ ಚರ್ಮ ಜೋತಾಡುತ್ತದೆ. ಆ ಮಡಿಕೆಗಳಲ್ಲೇ ಉಸಿರಾಟ. ಶ್ವಾಸಕೋಶ ಕುಗ್ಗಿಹೋಗಿದೆ, ರಕ್ತದಲ್ಲಿ ಕೆಂಪುಕಣಗಳು ಪುಟ್ಟವು, ಆದರೆ ಒತ್ತೊತ್ತಾಗಿ ತುಂಬಿವೆ. ನೀರಿನಲ್ಲಿ ಆಮ್ಲಜನಕ ಇಳಿದರೆ ತಳದಲ್ಲಿ ಕಾಲೂರಿ ದಂಡ ಹೊಡೆಯುವವರ ಹಾಗೆ ಮೇಲೆ ಕೆಳಗೆ ಆಡುತ್ತದೆ. ಮಡಿಕೆಗಳು ಅಲುಗಿ, ಹೊಸ ನೀರು ಚರ್ಮಕ್ಕೆ ತಾಕುತ್ತದೆ. ಉಸಿರಾಟಕ್ಕೆ ಇಷ್ಟು ಅಚ್ಚುಕಟ್ಟಾದ ಉಪಾಯ ಕಂಡುಕೊಂಡ ಜೀವಿಗಳು ವಿರಳ.

1876ರಲ್ಲಿ ಸ್ಯಾಮ್ಯುಯಲ್ ಗಾರ್ಮನ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈಗಿನ ಹೆಸರು ಟೆಲ್ಮಟೋಬಿಯಸ್ ಕ್ಯುಲಿಯಸ್. ‘ಕ್ಯುಲಿಯಸ್’ ಎಂದರೆ ಲ್ಯಾಟಿನ್ನಿನಲ್ಲಿ ಚರ್ಮದ ಚೀಲ. ಟೆಲ್ಮಟೋಬಿಯಸ್ ಕುಲದ 60ಕ್ಕೂ ಹೆಚ್ಚು ಪ್ರಭೇದಗಳು ಈಕ್ವೆಡಾರ್‌ನಿಂದ ಚಿಲಿ, ಅರ್ಜೆಂಟೀನಾವರೆಗೆ ಆಂಡಿಸ್ ಪರ್ವತಗಳ ಉದ್ದಕ್ಕೂ ಹರಡಿವೆ. ಟಿಟಿಕಾಕಾದ ಕಪ್ಪೆಗಳಲ್ಲಿ ಗಾತ್ರ, ಬಣ್ಣ, ಚರ್ಮದ ಸಡಿಲು ಒಂದೊಂದು ಕಡೆ ಒಂದೊಂದು ಬಗೆ. ಹಾಗಾಗಿ 1950ರ ದಶಕದಲ್ಲಿ ವೆಲ್ಲಾರ್ಡ್ ಎಂಬ ವಿಜ್ಞಾನಿ ಹಲವು ಉಪಪ್ರಭೇದಗಳನ್ನು ಹೆಸರಿಸಿದರು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಆ ಗೋಡೆಗಳು ನಿಲ್ಲಲಿಲ್ಲ. ಹೊರಗೆ ಎಷ್ಟೇ ಬೇರೆ ಕಂಡರೂ ಒಳಗೆ ಒಂದೇ ಎಂದು ಹೆಸರುಗಳನ್ನು ಒಟ್ಟುಗೂಡಿಸಿದರು. ಇದು ಬರೀ ಪಟ್ಟಿ ತಿದ್ದುವ ಕೆಲಸವಲ್ಲ. ಹಲವು ಇವೆ ಎಂದುಕೊಂಡಿದ್ದೆವು, ಇರುವುದು ಒಂದೇ. ಅದರ ನೆಲೆಯೂ ಈ ಸರೋವರ ಮತ್ತು ಅದರ ಆಸುಪಾಸಿನ ನೀರು ಮಾತ್ರ.

ಚರ್ಮದಿಂದಲೇ ಉಸಿರಾಡುವ ಪ್ರಾಣಿಗೆ ಕೊಳಕು ನೀರಿನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಎಲ್ ಆಲ್ಟೋ ನಗರದ ಚರಂಡಿ ನೀರು ಬೊಲಿವಿಯಾ ಕಡೆಯ ಆಳವಿಲ್ಲದ ಭಾಗಕ್ಕೆ ಬಂದು ಸೇರುತ್ತದೆ. ಅಲ್ಲಿ 2015ರಲ್ಲಿ ಕಪ್ಪೆಗಳು ರಾಶಿರಾಶಿಯಾಗಿ ಸತ್ತವು. ಮರುವರ್ಷ ಪೆರುವಿನ ಕೋವಾಟಾ ನದಿಯಲ್ಲಿ ಸುಮಾರು 10,000 ಕಪ್ಪೆಗಳು ಸತ್ತು ತೇಲಿದವು. ಮೀನುಗಾರಿಕೆಗೆಂದು ತಂದುಬಿಟ್ಟ ಟ್ರೌಟ್ ಮೀನು, ಕೈಟ್ರಿಡ್ ಶಿಲೀಂಧ್ರ ಇನ್ನುಳಿದ ಕಂಟಕಗಳು. ಈಕ್ವೆಡಾರ್‌ನಲ್ಲಿದ್ದ ಈ ಕಪ್ಪೆಯ ಮೂರು ಸೋದರ ಪ್ರಭೇದಗಳು ಮೂರು ದಶಕಗಳಿಂದ ಯಾರಿಗೂ ಕಂಡಿಲ್ಲ.

ಸರೋವರದ ಸುತ್ತಲಿನ ಐಮಾರಾ ಜನರಿಗೆ ಈ ಕಪ್ಪೆ ಮಳೆ ಕರೆಯುವ ಜೀವ. ನಮ್ಮಲ್ಲಿ ಕಪ್ಪೆ ಮದುವೆ ಮಾಡಿಸುವಂತೆ, ಅಲ್ಲಿ ಬರ ಬಿದ್ದಾಗ ಕಪ್ಪೆಗಳನ್ನು ಮಡಕೆಯಲ್ಲಿಟ್ಟು ಗುಡ್ಡದ ಮೇಲೆ ಇಡುವ ವಾಡಿಕೆಯಿತ್ತು. ಮಳೆ ಬಂದು ಮಡಕೆ ತುಂಬಿದರೆ ಅವಕ್ಕೆ ಬಿಡುಗಡೆ. ನಗರದ ಮಾರುಕಟ್ಟೆಗಳಲ್ಲಿ ಮಾತ್ರ ಅದೇ ಕಪ್ಪೆಯನ್ನು ಮಿಕ್ಸಿಗೆ ಹಾಕಿ, ಪುಷ್ಟಿಗೆ ಒಳ್ಳೆಯದೆಂದು ರಸ ಮಾಡಿ ಮಾರುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲ. 2017ರಿಂದ ಈ ಕಪ್ಪೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ.

ಮಚುಪಿಚು ನೋಡಲು ಹೋಗುವ ಕನ್ನಡಿಗರು ಈಗ ಕಡಿಮೆಯೇನಲ್ಲ. ಲಿಮಾದಲ್ಲೋ ಕುಸ್ಕೋದಲ್ಲೋ ಯಾರಾದರೂ ಆ ರಸದ ಲೋಟ ಮುಂದೆ ಹಿಡಿದರೆ, ದಯವಿಟ್ಟು ಬೇಡ ಎನ್ನಿ.