ಚೌಕಟ್ಟಿನ ಹೊರಗುಳಿಯುವುದು

2021ರ ನವೆಂಬರ್ 8ರಂದು ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದಾಗ ತೆಗೆದ ಛಾಯಾಚಿತ್ರಗಳು ಕೆಲವೇ ದಿನಗಳೊಳಗೆ ದೇಶದ ಮೊಬೈಲುಗಳನ್ನೆಲ್ಲ ಸುತ್ತಿ ಬಂದವು. ಹಾಲಕ್ಕಿ ಒಕ್ಕಲಿಗರ ರೀತಿಯಲ್ಲಿ ಸೀರೆಯುಟ್ಟು, ಕೊರಳ ತುಂಬ ಮಣಿಸರಗಳನ್ನು ಧರಿಸಿ, ರಾಷ್ಟ್ರಪತಿಗಳ ಮುಂದೆ ಬರಿಗಾಲಲ್ಲಿ ನಿಂತ ಆ ವೃದ್ಧೆಯ ಚಿತ್ರದಲ್ಲಿ, ಪದಕಕ್ಕಿಂತಲೂ ಭವನದ ವೈಭವಕ್ಕಿಂತಲೂ ಮಿಗಿಲಾಗಿ ನೋಡುಗರ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಆ ಪಾದಗಳು. ಈ ಚಿತ್ರವನ್ನು ಅಭಿಮಾನದಿಂದ ತನ್ನ ವಾಟ್ಸ್ಆ್ಯಪ್ ಡಿಪಿಯಾಗಿ ಇಟ್ಟುಕೊಳ್ಳಹೊರಟವನಿಗೆ ಏನಾಗುವುದೆಂಬುದನ್ನು ನೋಡಿ: ಯಂತ್ರವು ಮೊದಲು ಒಂದು ಚೌಕವನ್ನು ಕೇಳುತ್ತದೆ, ಆಮೇಲೆ ಆ ಚೌಕದ ಮೂಲೆಗಳನ್ನು ಮರೆಮಾಡಿ ವೃತ್ತವಾಗಿ ತೋರಿಸುತ್ತದೆ; ಮುಖವು ಕಾಣಲೆಂದು ಆತನು ಚಿತ್ರವನ್ನು ಮೇಲಕ್ಕೆ ಹೊಂದಿಸಿದೊಡನೆಯೇ ಪಾದಗಳು ಹೊರಬೀಳುತ್ತವೆ. ಉಳಿದುದು ಒಂದು ಸುಂದರವಾದ ಮುಖವೇ ಸರಿ, ಆದರೆ ಊರೂರಿಗೆ ಹಬ್ಬಿದ ವಾರ್ತೆಯು ಅದರಲ್ಲಿಲ್ಲ.

ಚಿತ್ರವನ್ನು ರೀಸೈಜ್ ಮಾಡುವುದು ಎಂದು ನಾವು ಲಘುವಾಗಿ ಹೇಳುವ ಮಾತಿನೊಳಗೆ ಪರಸ್ಪರ ಸಂಬಂಧವಿಲ್ಲದ ಎರಡು ಕ್ರಿಯೆಗಳು ಅಡಗಿವೆ. ಮೊದಲನೆಯದು ಕುಗ್ಗಿಸುವುದು, ಎರಡನೆಯದು ಕತ್ತರಿಸುವುದು. ಸಾಮಾನ್ಯವಾದೊಂದು ಮೊಬೈಲಿನ ಛಾಯಾಚಿತ್ರದಲ್ಲಿ ಅಗಲಕ್ಕೆ 4000, ಎತ್ತರಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಬಣ್ಣದ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಇರುತ್ತವೆ. ಇನ್‌ಸ್ಟಾಗ್ರಾಂ ಅದನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಎತ್ತರವು 810ಕ್ಕೆ ಬಂದು, ಒಟ್ಟು ಉಳಿಯುವುದು 9 ಲಕ್ಷಕ್ಕೂ ಕಡಿಮೆ. ಅಕ್ಕಪಕ್ಕದ ಹತ್ತಾರು ಚುಕ್ಕೆಗಳ ಬಣ್ಣಗಳನ್ನು ಕೂಡಿಸಿ, ಸರಾಸರಿ ತೆಗೆದು, ಅವುಗಳ ಸ್ಥಾನದಲ್ಲಿ ಒಂದೇ ಚುಕ್ಕೆಯನ್ನಿಡುವುದರಿಂದ ಈ ಕಾರ್ಯವು ನಡೆಯುತ್ತದೆ. ಚಿತ್ರವು ಸಣ್ಣದಾದರೂ ಅದರಲ್ಲಿದ್ದ ವಸ್ತುಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಕತ್ತರಿಸುವಿಕೆಯಾದರೋ, ಉಳಿದುದನ್ನು ಇದ್ದ ಹಾಗೆಯೇ ಇರಿಸಿ, ಕಳೆದುದನ್ನು ಸಂಪೂರ್ಣವಾಗಿ ಕಳೆಯುತ್ತದೆ. ಇವೆರಡನ್ನೂ ಒಲ್ಲದವರು ಚಿತ್ರದ ಎರಡು ಬದಿಗಳನ್ನು ಹಿಡಿದು ಎಳೆದು ಚೌಕಟ್ಟನ್ನು ತುಂಬಿಸುವುದುಂಟು. ಹಾಗೆ ಎಳೆಸಿಕೊಂಡು ಗಲ್ಲವುಬ್ಬಿದ ವರನನ್ನು ಮದುವೆಯ ಬ್ಯಾನರುಗಳಲ್ಲಿ ಯಾರು ಕಂಡಿಲ್ಲ?

ಕುಗ್ಗಿಸಿದುದನ್ನು ಮರಳಿ ಹಿಗ್ಗಿಸಬಹುದೆಂಬ ನಂಬಿಕೆಯೊಂದು ಜನರಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಗುಂಪುಗಳನ್ನು ದಾಟಿ ಬಂದ ಹೆಬ್ಬೆರಳ ಗಾತ್ರದ ಚಿತ್ರವೊಂದನ್ನು ಸ್ಟುಡಿಯೋಕ್ಕೆ ಒಯ್ದು, ಇದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎನ್ನುವವರಿಗೆ ಕೊರತೆಯಿಲ್ಲ. ಗಂಜಿಗೆ ನೀರು ಹೊಯ್ದರೆ ಪಾತ್ರೆಯೇನೋ ತುಂಬುತ್ತದೆ, ಅಗುಳು ಹೆಚ್ಚುವುದಿಲ್ಲ. ಇಲ್ಲದ ಚುಕ್ಕೆಗಳನ್ನು ಯಂತ್ರವು ನೆರೆಯ ಚುಕ್ಕೆಗಳಿಂದ ಊಹಿಸಿ ಬರೆಯುತ್ತದೆ. ಇತ್ತೀಚಿನ ಕೃತಕ ಬುದ್ಧಿಯ ತಂತ್ರಾಂಶಗಳು ಇನ್ನೂ ಚತುರವಾಗಿ ಊಹಿಸುತ್ತವೆ. ಆದರೆ ಅಜ್ಜನ ಹಳೆಯ ಚಿತ್ರಕ್ಕೆ ಅವು ಕೊಡುವ ಹುಬ್ಬು ಅಜ್ಜನದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಇನ್ನು ಆಕಾರದ ವಿಷಯ. ಕಾರವಾರದವರಿಗೆ ಇದು ವಿಶೇಷವಾಗಿ ತಿಳಿದಿರಬೇಕಾದುದು. ಆ ಊರಿನ ಸೌಂದರ್ಯವೆಲ್ಲ ಅಡ್ಡಗಲವಾಗಿ ಹರಡಿಕೊಂಡಿದೆ. ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಕಡಲತೀರದ ಮರಳಿನ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದವನಿಗೆ ನೀರೂ ನಡುಗಡ್ಡೆಗಳೂ ಒಂದರ ಪಕ್ಕದಲ್ಲೊಂದು ತೋರುತ್ತವೆಯೇ ಹೊರತು ಒಂದರ ಮೇಲೊಂದು ಏರಿ ನಿಲ್ಲುವುದಿಲ್ಲ. ಉತ್ತರದಲ್ಲಿ ಕಾಳಿ ನದಿಯ ಆಚೆಗೆ ಸದಾಶಿವಗಡದ ಗುಡ್ಡವು ಆ ಅಡ್ಡಗಲವನ್ನು ಇನ್ನಷ್ಟು ನೀಳವಾಗಿಸುತ್ತದೆ. ಇನ್‌ಸ್ಟಾಗ್ರಾಂ 2010ರಲ್ಲಿ ಆರಂಭವಾದಾಗ ಚೌಕವನ್ನುಳಿದು ಬೇರೆ ಆಕಾರಕ್ಕೆ ಎಡೆಕೊಟ್ಟಿರಲಿಲ್ಲ. 2015ರ ಆಗಸ್ಟಿನಲ್ಲಿ ಉದ್ದ ಮತ್ತು ಅಡ್ಡ ಚಿತ್ರಗಳಿಗೂ ಬಾಗಿಲು ತೆರೆಯಿತು. ಅಡ್ಡ ಚಿತ್ರಕ್ಕೆ ಅದು ಆಗ ಕೊಟ್ಟ ಮಿತಿ 1080 ಪಿಕ್ಸೆಲ್ ಅಗಲಕ್ಕೆ ಸುಮಾರು 566 ಎತ್ತರ. ಉದ್ದ ಚಿತ್ರಕ್ಕಾದರೆ ಅದೇ ಅಗಲಕ್ಕೆ 1350. ಅಂದರೆ ನಿಂತ ಚಿತ್ರವು ಮೊಬೈಲಿನ ಪರದೆಯಲ್ಲಿ ಮಲಗಿದ ಚಿತ್ರದ ಎರಡರಷ್ಟಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಈ ಕಾರಣದಿಂದಲೇ, ಹೋಮ್‌ಸ್ಟೇ ನಡೆಸುವವರಿಗೂ ಪ್ರವಾಸಿಗರಿಗೂ ಉಪದೇಶ ಮಾಡುವವರು, ಎಲ್ಲವನ್ನೂ ಮೊಬೈಲು ನಿಲ್ಲಿಸಿಯೇ ತೆಗೆಯಿರಿ ಎನ್ನುತ್ತಾರೆ. ತೆಂಗಿನ ಮರಕ್ಕೆ, ಮನುಷ್ಯನಿಗೆ, ವೇಷ ಕಟ್ಟಿ ನಿಂತ ಯಕ್ಷಗಾನದ ಕಲಾವಿದನಿಗೆ ಈ ಉಪದೇಶವು ಸಲ್ಲುತ್ತದೆ. ಸಮುದ್ರಕ್ಕೆ ಸಲ್ಲದೆಂದೇ ನನ್ನ ಮತ. ದೇವಗಡ ದ್ವೀಪದ ದೀಪಸ್ತಂಭವನ್ನು ನಿಂತ ಚೌಕಟ್ಟಿನೊಳಗೆ ತುರುಕಲು ಹೋದರೆ ಇಕ್ಕೆಲದ ನೀರೆಲ್ಲ ಮಾಯವಾಗಿ, ಅದು ದ್ವೀಪದ ಮೇಲಿದೆಯೋ ಗುಡ್ಡದ ಮೇಲಿದೆಯೋ ತಿಳಿಯದಾಗುತ್ತದೆ. ಮರಳ ಮೇಲೆ ಸಂಗ್ರಹಾಲಯವಾಗಿ ನಿಲ್ಲಿಸಿರುವ ಚಾಪೆಲ್ ಯುದ್ಧನೌಕೆಯಂತೂ ಮೂತಿಯನ್ನೋ ಬಾಲವನ್ನೋ ಕಳೆದುಕೊಳ್ಳಲೇಬೇಕು. ಪರದೆಯ ಮೇಲೆ ಕಿರಿದಾದ ಪಟ್ಟಿಯಾಗಿ ಕಂಡರೂ ಚಿಂತೆಯಿಲ್ಲ, ಅಡ್ಡ ಚಿತ್ರವು ಅಡ್ಡವಾಗಿಯೇ ಇರಲಿ.

ಅಂತಹ ಚಿತ್ರಕ್ಕೆ ನಿಜವಾಗಿ ಒಪ್ಪುವ ಸ್ಥಳವೆಂದರೆ ಪುಟದ ನೆತ್ತಿಯ ಮೇಲಿನ ಪಟ್ಟಿ. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್‌ನಲ್ಲಿ ಇದು 1500ಕ್ಕೆ 500, ಅಂದರೆ ಅಗಲವು ಎತ್ತರದ ಮೂರರಷ್ಟು. ಫೇಸ್‌ಬುಕ್ಕಿನ ಕವರ್ ಚಿತ್ರದಲ್ಲಿ ಮಾತ್ರ ಒಂದು ಕುತ್ತು ಅಡಗಿದೆ: ಕಂಪ್ಯೂಟರಿನಲ್ಲಿ 820ಕ್ಕೆ 312ರ ಪ್ರಮಾಣದಲ್ಲಿಯೂ ಮೊಬೈಲಿನಲ್ಲಿ 640ಕ್ಕೆ 360ರ ಪ್ರಮಾಣದಲ್ಲಿಯೂ ಒಂದೇ ಚಿತ್ರವನ್ನು ಅದು ತೋರಿಸುತ್ತದೆ. ಒಂದರಲ್ಲಿ ಮೇಲುಕೆಳಗು ಹೋದರೆ ಇನ್ನೊಂದರಲ್ಲಿ ಎಡಬಲಗಳು ಹೋಗುತ್ತವೆ. ಆದುದರಿಂದ ಹೆಸರು, ದೂರವಾಣಿ ಸಂಖ್ಯೆ, ಮುಖ ಮೊದಲಾದ ಅಗತ್ಯದ ಅಂಶಗಳನ್ನೆಲ್ಲ ಎರಡಕ್ಕೂ ಸಮಾನವಾದ ಮಧ್ಯಭಾಗದಲ್ಲಿಟ್ಟು, ಅಂಚುಗಳನ್ನು ಆಕಾಶಕ್ಕೂ ಮರಳಿಗೂ ಬಿಟ್ಟುಬಿಡುವುದು ಲೇಸು. ಇನ್‌ಸ್ಟಾಗ್ರಾಂ 2025ರ ಜನವರಿಯಲ್ಲಿ ಪ್ರೊಫೈಲ್ ಪುಟದ ಚೌಕಗಳನ್ನು ನಿಂತ ಆಯತಗಳನ್ನಾಗಿ ಮಾಡಿದಾಗ, ಹಿಂದೆ ಚೌಕವನ್ನೇ ನಂಬಿ ಅಂಚಿನವರೆಗೂ ಅಕ್ಷರ ತುಂಬಿದ್ದವರ ಎಡಬಲದ ಅಕ್ಷರಗಳು ಒಂದೇ ಏಟಿಗೆ ಮರೆಯಾದವು. ಇಂದಿನ ಅಳತೆಯು ನಾಳೆಗೂ ಇರುವುದೆಂಬ ಭರವಸೆ ಇಲ್ಲಿ ಯಾರಿಗೂ ಇಲ್ಲ.

ಎಲ್ಲಿ ಕತ್ತರಿಸಬೇಕೆಂಬುದನ್ನು ಯಂತ್ರಕ್ಕೇ ಬಿಟ್ಟರೆ ಅದು ಬಹುಮಟ್ಟಿಗೆ ನಡುವನ್ನು ಹಿಡಿಯುತ್ತದೆ, ಇಲ್ಲವೆ ಮುಖವನ್ನು ಹುಡುಕುತ್ತದೆ. ಟ್ವಿಟರ್ ಸಂಸ್ಥೆಯು 2018ರಿಂದ, ಚಿತ್ರದಲ್ಲಿ ಕಣ್ಣು ಮೊದಲು ಎಲ್ಲಿ ನೆಡುವುದೆಂಬುದನ್ನು ಊಹಿಸುವ ಒಂದು ಯಂತ್ರಬುದ್ಧಿಗೆ ಈ ಕೆಲಸವನ್ನು ವಹಿಸಿತ್ತು. ಅದು ಕಪ್ಪು ಮುಖಗಳನ್ನು ಬಿಟ್ಟು ಬಿಳಿಯ ಮುಖಗಳನ್ನು ಆರಿಸುತ್ತದೆಯೆಂದು 2020ರಲ್ಲಿ ಬಳಕೆದಾರರು ಆಕ್ಷೇಪಿಸಿದರು. ಸಂಸ್ಥೆಯು ತಾನೇ ಪರೀಕ್ಷೆ ನಡೆಸಿ, ಅಂತಹ ಪಕ್ಷಪಾತವು ಸ್ವಲ್ಪಮಟ್ಟಿಗೆ ಇರುವುದನ್ನು 2021ರಲ್ಲಿ ಒಪ್ಪಿಕೊಂಡು, ಮೊಬೈಲಿನಲ್ಲಿ ಸಾಮಾನ್ಯ ಅಳತೆಯ ಚಿತ್ರಗಳನ್ನು ಕತ್ತರಿಸದೆ ಪೂರ್ಣವಾಗಿ ತೋರಿಸತೊಡಗಿತು. ಮುಖವನ್ನು ಹುಡುಕುವ ಯಂತ್ರಕ್ಕೆ ಮಣಿಸರದ ಅರ್ಥ ತಿಳಿಯದು. ಬಡಗೇರಿಯ ಸುಕ್ರಿ ಬೊಮ್ಮಗೌಡರ ಚಿತ್ರವನ್ನು ಕತ್ತಿನವರೆಗೆ ಕತ್ತರಿಸಿದರೆ, ಕೊರಳಿನಿಂದ ಎದೆಯವರೆಗೆ ಇಳಿದ ಸರಗಳು ಹೋಗಿ, ಹಾಲಕ್ಕಿ ಹಾಡುಗಳ ಕಣಜವೆನಿಸಿದ್ದ ಆಕೆಯ ಜನದ ಗುರುತೇ ಅಳಿಸುತ್ತದೆ. ವೃತ್ತವು ಚೌಕದ ಐದನೆಯ ಒಂದು ಪಾಲಿಗಿಂತ ಹೆಚ್ಚನ್ನು ನುಂಗುವುದರಿಂದ, ಡಿಪಿಗೆ ಹಾಕುವ ಚಿತ್ರದಲ್ಲಿ ವ್ಯಕ್ತಿಯ ಸುತ್ತ ಸ್ವಲ್ಪ ಬಯಲನ್ನು ಬಿಟ್ಟು ತೆಗೆಯುವುದು ಒಳ್ಳೆಯದು. ತೀರ ಉದ್ದವಾದ ಚಿತ್ರವಾದರೆ ಎರಡು ಬದಿಗೂ ಬಣ್ಣದ ಪಟ್ಟಿಗಳನ್ನು ಸೇರಿಸಿ ಚೌಕ ಮಾಡುವ ಸೌಕರ್ಯವು ಕ್ಯಾನ್ವಾದಂತಹ ಉಚಿತ ಸಾಧನಗಳಲ್ಲಿ ಉಂಟು. ಪಾದಗಳನ್ನು ಉಳಿಸಿಕೊಳ್ಳಬೇಕೆನ್ನುವವನಿಗೆ ಇದೇ ಹಾದಿ.

ಈ ಕರಾವಳಿಯಲ್ಲಿ ಪ್ರತಿನಿತ್ಯ ಪೆಟ್ಟು ತಿನ್ನುವ ಇನ್ನೊಂದು ವಸ್ತುವೆಂದರೆ ಯಕ್ಷಗಾನದ ಕರಪತ್ರ. ಪ್ರಸಂಗದ ಹೆಸರು, ಭಾಗವತರು, ಮದ್ದಳೆ, ಚಂಡೆ, ಮುಮ್ಮೇಳದ ಸಮಸ್ತರು, ಸೇವಾಕರ್ತರು, ಕಡೆಗೆ ‘ಸರ್ವರಿಗೂ ಸ್ವಾಗತ’, ಇಷ್ಟನ್ನೂ ಹೊತ್ತ ನೀಳವಾದ ಕಾಗದವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಾಗ ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ ಜೆಪೆಗ್ ಪದ್ಧತಿಯಿಂದ ಹಿಂಡುತ್ತದೆ. 1992ರಲ್ಲಿ ಪ್ರಮಾಣೀಕೃತವಾದ ಈ ಪದ್ಧತಿಯು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಪ್ರತಿಯೊಂದರಲ್ಲಿಯೂ ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ತ್ಯಜಿಸುತ್ತದೆ. ಮುಗಿಲಿನಲ್ಲಿ ಈ ತ್ಯಾಗವು ಗೋಚರವಾಗದು. ಅಕ್ಷರದ ಚೂಪಾದ ಅಂಚಿನಲ್ಲಿ ಮಸಿ ಹರಡಿದಂತೆ ತೋರುತ್ತದೆ. ಕನ್ನಡದಲ್ಲಿ ಮೊದಲು ಅಳಿಯುವುದು ಒತ್ತಕ್ಷರ. ಮೂಲಾಕ್ಷರದ ಅಡಿಯಲ್ಲಿ ಅರ್ಧ ಗಾತ್ರದಲ್ಲಿ ಕುಳಿತಿರುವ ತ ಒತ್ತೂ ನ ಒತ್ತೂ ಒಂದೇ ಬಗೆಯ ಕಪ್ಪು ಬೊಟ್ಟಾಗಿ, ಆಟ ಯಾವ ಊರಿನಲ್ಲೆಂಬುದು ಓದುವವನ ಊಹೆಗೆ ಸೇರುತ್ತದೆ. 2023ರಿಂದ ವಾಟ್ಸ್ಆ್ಯಪ್‌ನಲ್ಲಿರುವ ಎಚ್‌ಡಿ ಗುಂಡಿಯನ್ನು ಒತ್ತಿದರೆ ಹಾನಿಯು ಕಡಿಮೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾನಿಯೇ ಇಲ್ಲ. ಇವೆರಡಕ್ಕಿಂತಲೂ ಮೇಲಾದುದು, ಸ್ಟೇಟಸ್‌ಗೆ ಒಪ್ಪುವ 1080ಕ್ಕೆ 1920ರ ಅಳತೆಯಲ್ಲಿ ಪ್ರಸಂಗ, ಸ್ಥಳ, ದಿನ, ಹೊತ್ತು ಈ ನಾಲ್ಕನ್ನೇ ದಪ್ಪ ಅಕ್ಷರಗಳಲ್ಲಿ ಹೊಸದಾಗಿ ಬರೆಸುವುದು. ಸೇವಾಕರ್ತರು ಇದಕ್ಕೆ ಒಪ್ಪುವುದು ಕಷ್ಟ.

ಸೈಬರ್ ಸೆಂಟರುಗಳಲ್ಲಿ ಇದೇ ವಿದ್ಯೆಯು ‘ಕೆಬಿ ಕಮ್ಮಿ ಮಾಡಿಕೊಡಿ’ ಎಂಬ ರೂಪದಲ್ಲಿ ಕೇಳಿಬರುತ್ತದೆ. ಬ್ಯಾಂಕ್ ನೌಕರಿಗೆ ಅರ್ಜಿ ಹಾಕುವವರ ಭಾವಚಿತ್ರವು 200ಕ್ಕೆ 230 ಪಿಕ್ಸೆಲ್‌ಗಳಾಗಿದ್ದು, ಅದರ ಭಾರವು 20ರಿಂದ 50 ಕೆಬಿಯೊಳಗಿರಬೇಕೆಂದು ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯು ವಿಧಿಸುತ್ತದೆ. ಆಕಾರ ಬೇರೆ, ಭಾರ ಬೇರೆ. ಅದೇ ಅಳತೆಯ ಚಿತ್ರವನ್ನು ಎಷ್ಟು ಹಿಂಡುತ್ತೇವೆಯೋ ಅದರ ಮೇಲೆ ಭಾರವು ನಿಲ್ಲುತ್ತದೆ. ಕಮ್ಮಿ ಮಾಡಿದಷ್ಟೂ ಕ್ಷೇಮವೆಂದು ತಿಳಿದು ಹಿಂಡಿ ಹಿಂಡಿ 12 ಕೆಬಿಗೆ ಇಳಿಸಿದವನ ಚಿತ್ರವು ಕೆಳಗಿನ ಮಿತಿಯನ್ನೂ ದಾಟಿ ಹೋಗಿರುವುದರಿಂದ, ಆತನು ಮೂಲಚಿತ್ರವನ್ನು ಮೊಬೈಲಿನಲ್ಲಿ ಅಳಿಸದೆ ಇಟ್ಟುಕೊಂಡಿದ್ದರೆ ಮಾತ್ರ ಆ ಸಂಜೆಯೊಳಗೆ ಅರ್ಜಿಯನ್ನು ತುಂಬಿ ಮುಗಿಸಬಲ್ಲನು.