ಜಾಹೀರಾತು ಹೊತ್ತ ಅಂಚೆಚೀಟಿ ನಾಣ್ಯಗಳು

ಚಿಲ್ಲರೆಯ ಅಭಾವ ವರ್ತಕರಿಗೆ ಹೊಸ ಸಂಗತಿಯಲ್ಲ. ಒಂದೆರಡು ರೂಪಾಯಿ ಹಿಂತಿರುಗಿಸಲಾಗದೆ ಗಿರಾಕಿಯ ಕೈಗೆ ಚಾಕೊಲೇಟ್ ಇತ್ತು ಕಳುಹಿಸುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಸರ್ವಪರಿಚಿತ. 1862ರಲ್ಲಿ ಅಮೆರಿಕದ ವರ್ತಕರು ಇದಕ್ಕಿಂತಲೂ ತೀವ್ರವಾದ ಚಿಲ್ಲರೆ ಬರಗಾಲವನ್ನು ಎದುರಿಸಿದರು. ಅದರಿಂದ ಹುಟ್ಟಿದ ಒಂದು ಜಾಹೀರಾತು ಸಾಧನ ಇಂದು ಅಂಚೆಚೀಟಿ ಮತ್ತು ನಾಣ್ಯ ಸಂಗ್ರಾಹಕರಿಬ್ಬರೂ ಅರಸುವ ಅಪರೂಪದ ವಸ್ತುವಾಗಿದೆ.

ನಾಣ್ಯಗಳು ಮರೆಯಾದ ಕಾಲ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಆ ವರ್ಷಾಂತ್ಯದಲ್ಲಿ ಬ್ಯಾಂಕುಗಳು ನೋಟಿಗೆ ಪ್ರತಿಯಾಗಿ ಚಿನ್ನ, ಬೆಳ್ಳಿಯ ನಾಣ್ಯ ನೀಡುವುದನ್ನು ನಿಲ್ಲಿಸಿದವು. ಜನರು ನಾಣ್ಯಗಳನ್ನು ಕೂಡಿಡತೊಡಗಿದರು. 1862ರ ಬೇಸಿಗೆಯ ವೇಳೆಗೆ ಬೆಳ್ಳಿಯ ಚಿಲ್ಲರೆ ಮಾರುಕಟ್ಟೆಯಿಂದ ಮಾಯವಾಯಿತು. ಆ ವರ್ಷದ ಜುಲೈ 17ರ ಶಾಸನವು ಐದು ಡಾಲರಿಗಿಂತ ಕಡಿಮೆ ಮೊತ್ತದ ಸರ್ಕಾರಿ ಬಾಕಿಗಳಿಗೆ ಅಂಚೆಚೀಟಿಗಳನ್ನು ಸ್ವೀಕರಿಸಲು ಅವಕಾಶ ನೀಡಿತು. ಒಂದು ಡಾಲರಿಗಿಂತ ಕಡಿಮೆ ಬೆಲೆಯ ಖಾಸಗಿ ಚೀಟಿ ಮತ್ತು ಟೋಕನ್‌ಗಳನ್ನು ಅದೇ ಶಾಸನ ನಿಷೇಧಿಸಿತು.

ಆದರೆ ಬೆನ್ನಿಗೆ ಗೋಂದು ಹಚ್ಚಿದ ಅಂಚೆಚೀಟಿಗಳು ಜೇಬಿನ ಬೆವರಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಹರಿಯುತ್ತಿದ್ದವು. ಅವನ್ನು ಸಣ್ಣ ಲಕೋಟೆಗಳಲ್ಲಿಟ್ಟು, ಮೇಲೆ ಮೊತ್ತವನ್ನೂ ಅಂಗಡಿಯ ಹೆಸರನ್ನೂ ಮುದ್ರಿಸುವ ರೂಢಿ ಬಂದಿತಾದರೂ ಅದು ತಾತ್ಕಾಲಿಕ ಪರಿಹಾರ ಮಾತ್ರವಾಗಿತ್ತು.

ಗಾಲ್ಟ್ ಅವರ ಉಪಾಯ

ಜಾನ್ ಗಾಲ್ಟ್ ಎಂಬ ಉದ್ಯಮಿ 1862ರ ಆಗಸ್ಟ್ 12ರಂದು ಒಂದು ಪೇಟೆಂಟ್ ಪಡೆದರು. ರಟ್ಟಿನ ಬಿಲ್ಲೆಯ ಮೇಲೆ ಅಂಚೆಚೀಟಿಯನ್ನು ಹೊದಿಸಿ, ಅದರ ಮೇಲೆ ಪಾರದರ್ಶಕವಾದ ಅಭ್ರಕದ ಹಾಳೆಯನ್ನಿರಿಸಿ, ಎಲ್ಲವನ್ನೂ ದುಂಡನೆಯ ಹಿತ್ತಾಳೆಯ ಕವಚದಲ್ಲಿ ಒತ್ತಿ ಬಿಗಿಯುವುದು ಇದರ ವಿಧಾನ. ಮುಂಭಾಗದಲ್ಲಿ ಚೀಟಿಯ ಬೆಲೆ ಕಾಣುತ್ತಿತ್ತು. ಖಾಲಿ ಉಳಿದ ಹಿಂಭಾಗವನ್ನು ಗಾಲ್ಟ್ ಜಾಹೀರಾತಿಗೆ ಮಾರಿದರು. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ ಗುಂಡಿಗಳನ್ನು ತಯಾರಿಸುತ್ತಿದ್ದ ಸ್ಕೋವಿಲ್ ಕಾರ್ಖಾನೆ ಈ ಕವಚಗಳನ್ನು ತಯಾರಿಸಿತು.

ಒಂದು ಸೆಂಟಿನಿಂದ ತೊಂಬತ್ತು ಸೆಂಟಿನವರೆಗಿನ ಚೀಟಿಗಳು ಈ ರೂಪದಲ್ಲಿ ಚಲಾವಣೆಗೆ ಬಂದವು. ಏಯರ್ ಕಂಪನಿಯ ಔಷಧ ಗುಳಿಗೆಗಳು, ಡ್ರೇಕ್‌ನ ಪ್ಲಾಂಟೇಶನ್ ಬಿಟರ್ಸ್, ನ್ಯೂಯಾರ್ಕಿನ ಜವಳಿ ವರ್ತಕರಾದ ಲಾರ್ಡ್ ಅಂಡ್ ಟೇಲರ್, ಶಿಕಾಗೋದ ಟ್ರೆಮಾಂಟ್ ಹೌಸ್ ಹೋಟೆಲ್ ಮುಂತಾದ ಸಂಸ್ಥೆಗಳ ಹೆಸರುಗಳು ಉಬ್ಬಕ್ಷರಗಳಲ್ಲಿ ಮೂಡಿದವು. ಸಾಮಾನ್ಯ ಕರಪತ್ರವನ್ನು ಗಿರಾಕಿ ಬಿಸಾಡಬಹುದು. ಹಣವನ್ನು ಯಾರೂ ಬಿಸಾಡುವುದಿಲ್ಲ. ಕೈಯಿಂದ ಕೈಗೆ ಹೋದಂತೆಲ್ಲ ಜಾಹೀರಾತು ಮತ್ತೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಈ ಲೆಕ್ಕಾಚಾರವೇ ಸಂಸ್ಥೆಗಳನ್ನು ಆಕರ್ಷಿಸಿತು.

ಸರ್ಕಾರವು ಅದೇ ಆಗಸ್ಟ್‌ನಿಂದ ಚಿಲ್ಲರೆ ಮೌಲ್ಯದ ಕಾಗದದ ನೋಟುಗಳನ್ನು ಹೊರತರಲಾರಂಭಿಸಿತು. 1863ರಲ್ಲಿ ಅವು ಧಾರಾಳವಾಗಿ ದೊರೆತಾಗ ಗಾಲ್ಟ್ ಅವರ ಬಿಲ್ಲೆಗಳ ಅಗತ್ಯ ತೀರಿತು. ಒಳಗಿನ ಚೀಟಿಯನ್ನು ಬಳಸುವ ಸಲುವಾಗಿ ಅನೇಕರು ಕವಚವನ್ನೇ ಒಡೆದರು. ಇಂದಿನ ವಿರಳತೆಗೆ ಇದೊಂದು ಪ್ರಮುಖ ಕಾರಣ.

ಸಂಗ್ರಾಹಕರು ಗಮನಿಸುವ ಅಂಶಗಳು

ಅಮೆರಿಕದ ಸ್ಕಾಟ್ ಅಂಚೆಚೀಟಿ ಸೂಚಿಯಲ್ಲಿ ಇವುಗಳಿಗೆ ಪ್ರತ್ಯೇಕ ಸ್ಥಾನವಿದೆ. ಬೆಲೆಯನ್ನು ನಿರ್ಧರಿಸುವುದು ಕೇವಲ ಚೀಟಿಯಲ್ಲ. ಯಾವ ಸಂಸ್ಥೆಯ ಕವಚದಲ್ಲಿ ಯಾವ ಮುಖಬೆಲೆಯ ಚೀಟಿ ಇದೆ ಎಂಬುದೇ ಮುಖ್ಯ. ಅಭ್ರಕ ಬಿರುಕು ಬಿಟ್ಟಿದ್ದರೆ ಮೌಲ್ಯ ಕುಸಿಯುತ್ತದೆ. ಅಗ್ಗದ ಬಿಲ್ಲೆಯನ್ನು ಬಿಚ್ಚಿ, ಹೆಚ್ಚಿನ ಬೆಲೆಯ ಚೀಟಿಯನ್ನಿಟ್ಟು ಮತ್ತೆ ಮುಚ್ಚುವ ವಂಚನೆಯೂ ಉಂಟು. ಆದ್ದರಿಂದ ಅಂಚಿನಲ್ಲಿ ಮೀಟಿದ ಗುರುತುಗಳಿವೆಯೇ ಎಂದು ಭೂತಗನ್ನಡಿಯಿಂದ ಪರೀಕ್ಷಿಸುವುದು ಕ್ರಮ. ಹಿತ್ತಾಳೆಯನ್ನು ಉಜ್ಜಿ ಹೊಳಪುಗೊಳಿಸುವುದು ಮೌಲ್ಯವನ್ನು ಕೆಡಿಸಿಕೊಂಡಂತೆ.

ಆರಂಭಿಕ ಸಂಗ್ರಾಹಕರಿಗೆ ಫ್ರಾನ್ಸಿನ ಬಿಲ್ಲೆಗಳು ಹೆಚ್ಚು ಸುಲಭವಾಗಿ ಎಟಕುತ್ತವೆ. ಮೊದಲ ಮಹಾಯುದ್ಧಾನಂತರದ ಚಿಲ್ಲರೆ ಅಭಾವದಿಂದಾಗಿ 1920ರಲ್ಲಿ ಅಲ್ಲಿ ಇದೇ ಉಪಾಯ ಪುನಃ ಬಳಕೆಗೆ ಬಂದಿತು. ಕ್ರೆಡಿ ಲಿಯೊನೆ ಬ್ಯಾಂಕಿನ ಹೆಸರುಳ್ಳ ಬಿಲ್ಲೆಗಳು ಇವುಗಳಲ್ಲಿ ಪ್ರಸಿದ್ಧ.

ಭಾರತದಲ್ಲಿಯೂ ಎರಡನೇ ಮಹಾಯುದ್ಧದ ಕಾಲದಲ್ಲಿ ಜುನಾಗಢ, ಬಿಕಾನೇರ್ ಮೊದಲಾದ ಸಂಸ್ಥಾನಗಳು ಚಿಲ್ಲರೆಗಾಗಿ ಕಾಗದದ ಕೂಪನ್‌ಗಳನ್ನು ಹೊರಡಿಸಿದ್ದವು. ಆದರೆ ಹಣವಾಗಿ ಬಳಸಲು ಖಾಸಗಿಯವರು ಲೋಹದ ಬಿಲ್ಲೆ ತಯಾರಿಸುವುದನ್ನು 1889ರ ಲೋಹ ಟೋಕನ್ ಕಾಯಿದೆ ನಿಷೇಧಿಸಿತ್ತು; 2011ರ ನಾಣ್ಯ ಕಾಯಿದೆಯಲ್ಲಿಯೂ ಆ ನಿಷೇಧ ಮುಂದುವರಿದಿದೆ. ಹೀಗಾಗಿ ಗಾಲ್ಟ್ ಅವರ ಉಪಾಯವನ್ನು ಇಲ್ಲಿ ಅನುಕರಿಸುವಂತಿಲ್ಲ.

ಆ ಬಿಲ್ಲೆಗಳಲ್ಲಿ ಹೆಸರು ಕೆತ್ತಿಸಿದ್ದ ಹಲವು ಅಂಗಡಿಗಳ ಲೆಕ್ಕಪುಸ್ತಕಗಳು ಇಂದು ಉಳಿದಿಲ್ಲ. ಅವುಗಳ ಹೆಸರನ್ನು ಉಳಿಸಿರುವುದು ಕೆಲವೇ ಸೆಂಟುಗಳ ಬಿಲ್ಲೆ. ಹಳೆಯ ಪೆಟ್ಟಿಗೆಗಳನ್ನು ಖಾಲಿ ಮಾಡುವಾಗ ಸಂಸ್ಥೆಯ ಹೆಸರುಳ್ಳ ಟೋಕನ್, ಲೇಬಲ್, ಲಕೋಟೆಗಳನ್ನು ಗುಜರಿಗೆ ಹಾಕುವ ಮುನ್ನ ನಮ್ಮ ವರ್ತಕರೂ ಒಮ್ಮೆ ಯೋಚಿಸುವುದು ಒಳಿತು.