ಮೂರು ಟ್ರ್ಯಾಕ್ಟರ್ ಬೆಲೆಗೊಂದು ಹಳೇ ವಿಮಾನ

ಗದಾಯುದ್ಧ ಬರೆದ ರನ್ನನ ಊರು ರನ್ನ ಬೆಳಗಲಿಯಿಂದ ಹಿರಿಯರೊಬ್ಬರು ನನಗೊಂದು ಕಾಗದ ಬರೆದಿದ್ದಾರೆ. ಕಬ್ಬು ಬೆಳೆಯುವ ರೈತರು. ಮಗ ಅಮೆರಿಕದಲ್ಲಿ ಎಂಜಿನಿಯರ್. ಅಲ್ಲಿ ವಿಮಾನ ಹಾರಿಸೋದು ಕಲಿತು ಲೈಸೆನ್ಸ್ ತಗೊಂಡಿದ್ದಾನೆ. ಈಗ ಸ್ವಂತಕ್ಕೊಂದು ವಿಮಾನ ಕೊಳ್ತೀನಿ ಅಂತ ಹಟ ಹಿಡಿದಿದ್ದಾನೆ. ಅದು ಏರೋಂಕಾ ಚಾಂಪಿಯನ್ ಅನ್ನೋ ಎರಡು ಸೀಟಿನ ವಿಮಾನ. ತಯಾರಾದದ್ದು 1946ರಲ್ಲಿ. ಮೈಮೇಲೆ ಇರೋದು ತಗಡಲ್ಲ, ಬಟ್ಟೆ! 'ಅದು ನನಗಿಂತ ಹಳೇದೈತ್ರಿ. ನೀವು ಟಿವಿಯೊಳಗ ಊರಿಗೆಲ್ಲ ಬುದ್ಧಿ ಹೇಳ್ತೀರಿ, ಅವನಿಗೂ ಒಂದ್ ಮಾತು ಬ್ಯಾಡಂತ ಹೇಳ್ರಿ' ಅಂತ ಬರೆದಿದ್ದಾರೆ.

ಕಾಕಾ, ಬೇಡ ಅಂತ ನಾನು ಹೇಳಲ್ಲ. ಆದರೆ ಮಗನಿಗೆ ಏನೇನು ಪ್ರಶ್ನೆ ಕೇಳಬೇಕು ಅಂತ ಹೇಳ್ತೀನಿ. ಉತ್ತರ ಸರಿ ಬಂದ್ರೆ ತಗೊಳ್ಲಿ, ಬರದಿದ್ರೆ ನೀವೇ ಬೈಯಿರಿ.

ಮೊದಲು ಇದೆಂಥ ವಿಮಾನ ಅಂತ ನೋಡೋಣ. ಇವತ್ತಿನ ಬಹುತೇಕ ವಿಮಾನಗಳಿಗೆ ಮೂತಿಯ ಕೆಳಗೊಂದು ಚಕ್ರ ಇರುತ್ತೆ. ಇದಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೊಂದು ಪುಟ್ಟ ಚಕ್ರ. ನಿಂತಾಗ ಮೂತಿ ಆಕಾಶ ನೋಡ್ತಾ ಇರುತ್ತೆ. ಟೇಲ್‌ಡ್ರ್ಯಾಗರ್ ಅನ್ನೋದು ಇದಕ್ಕೇ. ಸೀಟುಗಳು ಅಕ್ಕಪಕ್ಕ ಇಲ್ಲ, ಬೈಕಿನ ಹಾಗೆ ಒಂದರ ಹಿಂದೊಂದು. ಅದು ಟ್ಯಾಂಡೆಮ್.

ಇದು ಕನ್ನಡ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ವಿನ್ಯಾಸ ಮಾಡಿ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಇಂಥದ್ದೇ. ಬಾಲದಲ್ಲಿ ಚಕ್ರ, ಒಂದರ ಹಿಂದೊಂದು ಸೀಟು. ಬೀದರ್‌ನ ವಾಯುಪಡೆ ಶಾಲೆಯಲ್ಲಿ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಆಮೇಲೆ 1958ರಲ್ಲಿ ಅದೇ ಎಚ್‌ಎಎಲ್‌ನಿಂದ ಪುಷ್ಪಕ್ ಬಂತು. ಅದು ನಮ್ಮ ಹುಡುಗ ಕೊಳ್ಳಲು ಹೊರಟ ವಿಮಾನದ ದಾಯಾದಿ ಅಂತಲೇ ಹೇಳಬೇಕು, ಯಾಕಂದ್ರೆ ಅದೇ ಏರೋಂಕಾ ಕಂಪನಿಯ ಚೀಫ್ ಅನ್ನೋ ವಿಮಾನವನ್ನು ಹೋಲುತ್ತೆ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಅದಕ್ಕೂ ಬಟ್ಟೆಯ ಮೈ. ಹಾಗಾಗಿ 'ಬಟ್ಟೆ ವಿಮಾನ' ಅಂತ ಹೆದರೋ ಕಾರಣವಿಲ್ಲ.

ಹೆದರಬೇಕಾದ್ದು ಬೇರೆ ಇದೆ. ಸಮೀರವಾಡಿ ಕಾರ್ಖಾನೆಗೆ ಕಬ್ಬು ಹೊತ್ತ ಟ್ರೇಲರ್ ಎಳೆದುಕೊಂಡು ಹೋಗುವಾಗ ಅದು ಟ್ರ್ಯಾಕ್ಟರಿನ ಹಿಂದೆ ನೆಟ್ಟಗೆ ಬರುತ್ತೆ. ಅದನ್ನೇ ರಿವರ್ಸ್ ತಗೊಳ್ಳಿ. ಸ್ಟೇರಿಂಗ್ ಒಂಚೂರು ತಪ್ಪಿದರೆ ಸಾಕು, ಟ್ರೇಲರ್ ಅಡ್ಡ ತಿರುಗುತ್ತೆ. ಟೇಲ್‌ಡ್ರ್ಯಾಗರ್ ಇಳಿಯೋದೂ ಹೀಗೇ. ವಿಮಾನದ ಭಾರದ ಕೇಂದ್ರ ದೊಡ್ಡ ಚಕ್ರಗಳಿಗಿಂತ ಹಿಂದೆ ಇರುತ್ತೆ. ನೆಲ ಮುಟ್ಟಿದ ಮೇಲೆ ಬಾಲ ಸ್ವಲ್ಪ ಪಕ್ಕಕ್ಕೆ ಸರಿದರೆ ಹಿಂದಿನ ಭಾರ ಅದನ್ನು ಇನ್ನಷ್ಟು ತಳ್ಳುತ್ತೆ. ಕಾಲಿನ ಪೆಡಲ್‌ನಿಂದ ತಕ್ಷಣ ತಿದ್ದದಿದ್ದರೆ ವಿಮಾನ ಗಿರಕಿ ಹೊಡೆಯುತ್ತೆ, ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತೆ. ಇದನ್ನು ಗ್ರೌಂಡ್ ಲೂಪ್ ಅಂತಾರೆ. ಒಳಗಿದ್ದವರು ಸಾಮಾನ್ಯವಾಗಿ ಬಚಾವಾಗ್ತಾರೆ. ಆದರೆ ರೆಕ್ಕೆಯೊಳಗಿನ ಮರ ಬಚಾವಾಗಿದೆಯೋ ಇಲ್ಲವೋ ಹೊರಗಿಂದ ಗೊತ್ತಾಗಲ್ಲ. ಎಂಬತ್ತು ವರ್ಷ ಬಾಳಿದ ವಿಮಾನ ಒಮ್ಮೆಯೂ ಹೀಗೆ ತಿರುಗಿಲ್ಲ ಅಂದ್ರೆ ನಾನಂತೂ ನಂಬಲ್ಲ. ವಯಸ್ಸಿನಿಂದ ಅಷ್ಟು ಭಯವಿಲ್ಲ, ಮುಚ್ಚಿಟ್ಟ ರಿಪೇರಿಯಿಂದ ಇದೆ.

ಮುಧೋಳ ಸೀಮೆಯಲ್ಲಿ ಎತ್ತು ಕೊಳ್ಳೋರು ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಕೋಡಿನ ಬಣ್ಣಕ್ಕೆ ಯಾರೂ ದುಡ್ಡು ಕೊಡಲ್ಲ. ಆದರೆ ಹಳೇ ವಿಮಾನದ ವ್ಯಾಪಾರದಲ್ಲಿ ಜನ ಮೊದಲು ಬೀಳೋದೇ ಬಣ್ಣಕ್ಕೆ! ಹೊಳೆಯೋ ಹಳದಿ, ಕೆಂಪು ಪಟ್ಟಿ, ಮುಗೀತು.

ನೋಡಬೇಕಾದ್ದು ಬಣ್ಣದ ಕೆಳಗಿನ ಬಟ್ಟೆ. ಆಗಿನ ಕಾಲದಲ್ಲಿ ಹತ್ತಿ ಬಟ್ಟೆ ಹಾಕ್ತಿದ್ದರು, ಈಗ ಪಾಲಿಯೆಸ್ಟರ್. ಬಿಸಿಲು ತಾಗದಂತೆ ಶೆಡ್ಡಿನಲ್ಲಿಟ್ಟರೆ ದಶಕಗಟ್ಟಲೆ ಬಾಳುತ್ತೆ, ಬಯಲಲ್ಲಿ ನಿಲ್ಲಿಸಿದರೆ ಬೇಗ ಸಾಯುತ್ತೆ. ಒತ್ತಿ ನೋಡಿ ಬಲ ಅಳೆಯೋ ಸಾಧನ ಮೆಕ್ಯಾನಿಕ್ ಹತ್ತಿರ ಇರುತ್ತೆ. ಬಿಸಿಲಿಗೆ ಮುಖ ಮಾಡಿದ ಮೇಲ್ಭಾಗದಲ್ಲೇ ಒತ್ತಿಸಬೇಕು. ಬಟ್ಟೆ ಹೋಗಿದ್ದರೆ ಹೊಸದಾಗಿ ಹೊದಿಸೋ ಖರ್ಚು ವಿಮಾನದ ಬೆಲೆಯ ಅರ್ಧ ದಾಟಬಹುದು. ಅಗ್ಗಕ್ಕೆ ಸಿಕ್ತು ಅಂತ ಕುಣಿದವರು ಅಳೋದು ಇಲ್ಲೇ.

ಬಟ್ಟೆಯ ಒಳಗೆ ಚಾಂಪಿಯನ್ನಿನ ರೆಕ್ಕೆಗೆ ಉದ್ದನೆಯ ಮರದ ತೊಲೆ ಇರುತ್ತೆ, ಸ್ಪಾರ್ ಅಂತಾರೆ. ರೆಕ್ಕೆ ನೆಲಕ್ಕೆ ಬಡಿದಿದ್ದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿರುತ್ತೆ. ಈ ಮಾದರಿಯ ಮರದ ತೊಲೆಗಳ ತಪಾಸಣೆಗೆ ಅಮೆರಿಕದ ವಿಮಾನಯಾನ ಇಲಾಖೆ ಪ್ರತ್ಯೇಕ ಆದೇಶವನ್ನೇ ಹೊರಡಿಸಿದೆ. ರೆಕ್ಕೆಯಲ್ಲಿ ತಪಾಸಣೆಗೆಂದೇ ಇರೋ ಕಿಂಡಿ ತೆಗೆಸಿ, ಬೆಳಕು ಬಿಟ್ಟು ನೋಡಿಸಬೇಕು. ಹಾಗೇ ಬಾಲದ ಕಡೆಯ ಕಬ್ಬಿಣದ ಕೊಳವೆಗಳು. ನೀರು ಇಳಿದು ನಿಲ್ಲೋದು ಅಲ್ಲೇ, ತುಕ್ಕೂ ಅಲ್ಲೇ. ಇಲಿ ಗೂಡು ಕಟ್ಟಿತ್ತಾ ಅಂತಲೂ ನೋಡಬೇಕು. ನಗಬೇಡಿ, ಇಲಿಯ ಮೂತ್ರ ಲೋಹವನ್ನೇ ತಿನ್ನುತ್ತೆ.

ಇನ್ನು ಕಾಗದಪತ್ರ. ಹೊಲ ಕೊಳ್ಳುವಾಗ ಉತಾರ ತೆಗೆಸಿ, ಬೋಜಾ ಇದೆಯಾ ಅಂತ ನೋಡ್ತೀವಲ್ಲ? ಅಲ್ಲಿ ವಿಮಾನಕ್ಕೂ ಉತಾರ ಇದೆ. ವಿಮಾನದ ನೋಂದಣಿ ಸಂಖ್ಯೆ ಕೊಟ್ಟರೆ ಒಕ್ಲಹೋಮಾ ಸಿಟಿಯ ಸರ್ಕಾರಿ ದಾಖಲೆಯಲ್ಲಿ ಮಾಲೀಕರ ಸರಣಿ, ಸಾಲ, ದಾಖಲಾದ ದೊಡ್ಡ ರಿಪೇರಿಗಳು ಸಿಗುತ್ತವೆ. ಅದನ್ನು ಮಾರುವವನ ಲಾಗ್‌ಬುಕ್ ಜೊತೆ ಇಟ್ಟು ಓದಬೇಕು. 'ಬಲ ರೆಕ್ಕೆ ಬದಲಿಸಿದೆ' ಅಂತ ಒಂದು ಸಾಲು ಕಂಡರೆ, ಯಾಕೆ ಅಂತ ಕೇಳಬೇಕು. ನಡುವೆ ಹತ್ತು ವರ್ಷ ಏನೂ ಬರೆದಿಲ್ಲ ಅಂದ್ರೆ ಆ ಹತ್ತು ವರ್ಷ ಎಂಜಿನ್ ಸುಮ್ಮನೆ ನಿಂತು ಒಳಗೊಳಗೇ ತುಕ್ಕು ಹಿಡಿದಿರಬಹುದು. 'ಕಡಿಮೆ ಓಡಿದ ಗಾಡಿ ಸರ್' ಅನ್ನೋ ಮಾತು ಇಲ್ಲಿ ಹೊಗಳಿಕೆಯಲ್ಲ. ತಪಾಸಣೆ ಮಾಡೋ ಮೆಕ್ಯಾನಿಕ್ ನಮ್ಮವನಾಗಿರಬೇಕು. ಮಾರುವವನ ವಿಮಾನಕ್ಕೆ ವರ್ಷವರ್ಷ ಸಹಿ ಹಾಕಿದವನು ತನ್ನ ತಪ್ಪು ತಾನೇ ಹೇಳ್ತಾನಾ?

ಚಾಂಪಿಯನ್ನೇ ಯಾಕೆ? ಪೈಪರ್ ಕಬ್ ಇದೆಯಲ್ಲ, ಸುಮಾರು ಇಪ್ಪತ್ತು ಸಾವಿರ ತಯಾರಾದ ಹಳದಿ ವಿಮಾನ, ಅದು ಪ್ರಸಿದ್ಧ. ಆ ಹೆಸರಿಗೇ ಬೆಲೆ ಹೆಚ್ಚು. ಅದರಲ್ಲಿ ಒಬ್ಬನೇ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದಿನದು ಸರಿಯಾಗಿ ಕಾಣಲ್ಲ. ಚಾಂಪಿಯನ್ನಿನಲ್ಲಿ ಮುಂದೆ ಕೂತು ಹಾರಿಸಬಹುದು. ಸಾಮಾನ್ಯವಾಗಿ ಸ್ಥಿತಿ ನೋಡಿ 25ರಿಂದ 45 ಸಾವಿರ ಡಾಲರ್. 30 ಸಾವಿರ ಅಂತ ಹಿಡಿದರೂ ನಮ್ಮ ದುಡ್ಡಿನಲ್ಲಿ ಮೂರು ಒಳ್ಳೇ ಟ್ರ್ಯಾಕ್ಟರ್. 1964ರ ನಂತರ ಬಂದ ಸಿಟಾಬ್ರಿಯಾ ಇದೇ ವಂಶದ್ದು, ಬಲ ಜಾಸ್ತಿ, ಬೆಲೆಯೂ ಜಾಸ್ತಿ. ದುಡ್ಡಿದ್ದರೆ ಅದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಯಾಕಂದ್ರೆ ಚಾಂಪಿಯನ್ನಿನ ಎಂಜಿನ್ ಬರೀ 65 ಅಶ್ವಶಕ್ತಿ. ವಿಮಾನ, ಜನ, ಇಂಧನ ಎಲ್ಲ ಸೇರಿ 553 ಕಿಲೋ ದಾಟುವಂತಿಲ್ಲ. ಖಾಲಿ ವಿಮಾನವೇ ಸುಮಾರು 350 ಕಿಲೋ. ಟ್ಯಾಂಕ್ ತುಂಬಿಸಿದರೆ 49 ಲೀಟರ್, 35 ಕಿಲೋ. ಉಳಿದದ್ದು 168. ಎಂಬತ್ತು ಕಿಲೋದ ಇಬ್ಬರು ಕೂತರೆ ಒಂದು ಚೀಲ ರೊಟ್ಟಿಗಷ್ಟೇ ಜಾಗ! ಗಂಟೆಗೆ ಸುಮಾರು 16 ಲೀಟರ್ ಕುಡಿದು 135 ಕಿಲೋಮೀಟರ್ ಹೋಗುತ್ತೆ. ಅಂದ್ರೆ ಬೆಳಗಲಿಯಿಂದ ಹೊರಟರೆ ಒಂದೇ ಟ್ಯಾಂಕಿನಲ್ಲಿ ಬೆಂಗಳೂರು ಮುಟ್ಟಲ್ಲ. ಊರಿಂದೂರಿಗೆ ಹೋಗೋ ಗಾಡಿ ಅಲ್ಲ ಇದು. ಸಂಜೆ ಒಂದು ಗಂಟೆ ಕಿಟಕಿ ತೆಗೆದು ಹೊಲಗದ್ದೆಯ ಮೇಲೆ ಸುತ್ತೋಕೆ.

ವಿಮಾನ ಸರಿಯಿದ್ದರೆ ಸಾಲದು, ಕಾಲು ಪಳಗಿರಬೇಕು. ಮೂತಿಚಕ್ರದ ವಿಮಾನದಲ್ಲಿ ಲೈಸೆನ್ಸ್ ತಗೊಂಡವನು ಅಮೆರಿಕದಲ್ಲಿ ಇದನ್ನು ತಾನೇ ನಡೆಸಬೇಕಾದ್ರೆ ಬೇರೆ ತರಬೇತಿ ಪಡೆದು ಬೋಧಕನ ಸಹಿ ಹಾಕಿಸಿಕೊಳ್ಳಬೇಕು. ಬಾಲದ ಚಕ್ರದ ಮೇಲೆ ಎಷ್ಟು ಗಂಟೆ ಹಾರಿಸಿದ್ದೀಯ ಅಂತ ವಿಮೆಯವರೂ ಕೇಳ್ತಾರೆ. ಕೊಂಡ ಮೇಲೆ ಕಲೀತೀನಿ ಅಂದ್ರೆ ಒಪ್ಪಬೇಡಿ. ಮೊದಲು ಬೇರೆಯವರ ವಿಮಾನದಲ್ಲಿ, ಅಡ್ಡಗಾಳಿ ಬೀಸೋ ದಿನವೂ ಸೇರಿದಂತೆ, ಕಲಿತು ಬರಲಿ.

ಕೊನೆಯದಾಗಿ ಒಂದು ಪ್ರಶ್ನೆ, ಕಾಕಾ, ಇದನ್ನು ಮರೆಯದೇ ಕೇಳಿ: ಎಂಜಿನ್ ಶುರು ಮಾಡೋದು ಯಾರು? ಆ ಕಾಲದ ಬಹಳಷ್ಟು ಚಾಂಪಿಯನ್‌ಗಳಿಗೆ ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಮುಂದೆ ನಿಂತು ಫ್ಯಾನನ್ನು ಕೈಯಿಂದ ತಿರುಗಿಸಬೇಕು. ಬ್ರೇಕ್ ಹಿಡಿಯಲು ಬಲ್ಲವರೊಬ್ಬರು ಒಳಗೆ ಕೂತಿರಬೇಕು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಬಾಲಕ್ಕೆ ಹಗ್ಗ ಕಟ್ಟಿರಬೇಕು. ಒಬ್ಬನೇ ಮಾಡ್ಕೋತೀನಿ ಅಂದ್ರೆ ಸ್ಟಾರ್ಟರ್ ಇರೋ ವಿಮಾನವನ್ನೇ ಹುಡುಕು ಅಂತ ಹೇಳಿ.